ಏರಿಯ ಮೇಲಿನ ದಾರಿ: ಕೆರೆಗಳನ್ನು ಕಾಲ್ನಡಿಗೆಯಲ್ಲಿ, ಸೈಕಲ್ಲಿನಲ್ಲಿ ಅರಿಯುವ ಬಗೆ



ಈ ವರ್ಷದ ದತ್ತಿ ಉಪನ್ಯಾಸಕ್ಕೆ ಆರಿಸಿಕೊಂಡಿರುವ ವಿಷಯವು ಮೇಲುನೋಟಕ್ಕೆ ವಿರಾಮಕಾಲದ ವಿಷಯವಾಗಿ ಕಾಣಬಹುದು. ಬೆಳಗಿನ ನಡಿಗೆ, ಭಾನುವಾರದ ಸೈಕಲ್ ಸವಾರಿ, ನೀರಿನ ದಡದ ತಂಗಾಳಿ ಇವೆಲ್ಲ ಸಾಮಾನ್ಯವಾಗಿ ಪತ್ರಿಕೆಗಳ ಪ್ರವಾಸ ಪುರವಣಿಗೆ ಸೇರಿದ ಸಂಗತಿಗಳು; ದತ್ತಿ ಉಪನ್ಯಾಸದ ವೇದಿಕೆಗೆ ಇವು ತಕ್ಕವೇ ಎಂಬ ಸಂದೇಹ ಸಹಜ. ಆದರೆ ಕನ್ನಡ ನಾಡಿನ ಬಯಲುಸೀಮೆಯಲ್ಲಿ ತಾನಾಗಿ ಉಂಟಾದ ಸರೋವರಗಳು ತೀರ ವಿರಳ. ಇಲ್ಲಿ ಕಣ್ಣಿಗೆ ಬೀಳುವ ನೀರಿನ ಹರವುಗಳಲ್ಲಿ ಬಹುಪಾಲು ಯಾರೋ ಒಬ್ಬರು ಜಾಗ ಹುಡುಕಿ, ಮಣ್ಣು ಹೊತ್ತು, ಕಲ್ಲು ಹಾಸಿ ಕಟ್ಟಿಸಿದವು. ಕಟ್ಟಿಸಿದವರು ನೆಲವನ್ನು ನಡೆದು ಅಳೆದರು, ನೀರಿನ ಓಟವನ್ನು ಕಾಲಿನಿಂದಲೇ ತಿಳಿದರು. ಆದ್ದರಿಂದ ಕೆರೆಯು ತನ್ನ ಕಟ್ಟಡದ ಗುಟ್ಟನ್ನು ನಡೆದು ಬಂದವರಿಗೆ ಬಿಟ್ಟುಕೊಡುವಷ್ಟು ಬೇರೆಯವರಿಗೆ ಬಿಟ್ಟುಕೊಡುವುದಿಲ್ಲ ಎಂಬುದು ಈ ಉಪನ್ಯಾಸದ ಮುಖ್ಯ ಪ್ರತಿಪಾದನೆಯಾಗಿದೆ.

ವಿಷಯದ ವ್ಯಾಪ್ತಿಯನ್ನು ಆರಂಭದಲ್ಲಿಯೇ ಗೊತ್ತುಪಡಿಸಿಕೊಳ್ಳುವುದು ಒಳ್ಳೆಯದು. ಕರ್ನಾಟಕದಲ್ಲಿ 36,000ಕ್ಕೂ ಹೆಚ್ಚು ಕೆರೆಗಳಿವೆ ಎಂಬುದು ಸಾಮಾನ್ಯವಾಗಿ ಕೊಡಲಾಗುವ ಲೆಕ್ಕ. ಅಷ್ಟನ್ನೂ ಹೆಸರಿಸುವ ಉದ್ದೇಶ ಇಲ್ಲಿಲ್ಲ. ಮೊದಲು ಕೆರೆಯ ಅಂಗಗಳನ್ನು ಏರಿಯ ಮೇಲೆ ನಿಂತು ಗುರುತಿಸುವ ಬಗೆಯನ್ನೂ, ಬಳಿಕ ಮೈಸೂರು ನಗರದ ಕೆರೆಗಳನ್ನೂ ಅವುಗಳ ಸುತ್ತ ಹಾಕುವ ನಡಿಗೆಯ ದಾರಿಯ ಪ್ರಶ್ನೆಯನ್ನೂ, ಮೂರನೆಯದಾಗಿ ಸೈಕಲ್ಲಿಗೆ ಒಗ್ಗುವ ದೂರದ ಕೆಲವು ಕೆರೆಗಳನ್ನೂ, ಕೊನೆಯಲ್ಲಿ ಋತು ಮತ್ತು ಹಕ್ಕಿಗಳ ವಿಚಾರವನ್ನೂ ಪರಿಶೀಲಿಸಲಾಗುವುದು. ನದಿಗಳಿಗೆ ಅಡ್ಡಲಾಗಿ ಕಟ್ಟಿದ ದೊಡ್ಡ ಜಲಾಶಯಗಳು, ದೋಣಿವಿಹಾರದ ತಾಣಗಳು ಈ ವ್ಯಾಪ್ತಿಯಿಂದ ಹೊರಗಿವೆ.

ಮೊದಲನೆಯ ವಿಚಾರಕ್ಕೆ ಬರುವುದಾದರೆ, ಕೆರೆಯನ್ನು ನೋಡಲು ಹೋದವರು ಸಾಮಾನ್ಯವಾಗಿ ನೀರನ್ನು ನೋಡುತ್ತಾರೆ, ನೀರನ್ನು ನಿಲ್ಲಿಸಿದ್ದನ್ನು ನೋಡುವುದಿಲ್ಲ. ಇಳಿಜಾರಿನ ನೆಲದಲ್ಲಿ ಹರಿದು ಹೋಗುವ ಮಳೆನೀರಿಗೆ ಅಡ್ಡಲಾಗಿ, ಬಹುಮಟ್ಟಿಗೆ ಎರಡು ದಿಣ್ಣೆಗಳ ಅಥವಾ ಗುಡ್ಡಗಳ ನಡುವೆ ಹಾಕಿದ ಮಣ್ಣಿನ ಒಡ್ಡೇ ಏರಿ. ಏರಿಯ ಒಳಮೈಗೆ, ಅಂದರೆ ನೀರು ತಾಗುವ ಕಡೆಗೆ, ಅಲೆ ಮಣ್ಣನ್ನು ಕೊರೆಯದಂತೆ ಕಲ್ಲು ಹಾಸಿರುತ್ತಾರೆ. ಹೊರಮೈಯಲ್ಲಿ ಹುಲ್ಲು, ಮರ, ಕೆಲವೊಮ್ಮೆ ಹುಣಿಸೆ ಮತ್ತು ಆಲ ಬೆಳೆದಿರುತ್ತವೆ. ಹೆಚ್ಚಾದ ನೀರು ಏರಿಯನ್ನು ಒಡೆಯದೆ ಹೊರಗೆ ಹೋಗಲು ಏರಿಯ ಒಂದು ತುದಿಯಲ್ಲಿ, ಕೆಲವು ಕಡೆ ಎರಡೂ ತುದಿಗಳಲ್ಲಿ, ಬಿಟ್ಟಿರುವ ತಗ್ಗಿನ ಕಟ್ಟಡವೇ ಕೋಡಿ. ಕೆರೆ ತುಂಬಿ ಈ ಜಾಗದಿಂದ ನೀರು ಹೊರಬಿದ್ದರೆ ಕೆರೆ ಕೋಡಿ ಬಿತ್ತು ಎಂದು ಊರಿಗೆ ಊರೇ ಹೇಳಿಕೊಳ್ಳುತ್ತದೆ, ಬಾಗಿನ ಕೊಡುವ ಸಿದ್ಧತೆ ನಡೆಯುತ್ತದೆ. ಕೆರೆಯ ನೀರನ್ನು ನಂಬಿ ಬೆಳೆಯುವ ಕೆಳಗಿನ ಗದ್ದೆಬಯಲಿಗೆ ಅಚ್ಚುಕಟ್ಟು ಎಂಬ ಹೆಸರಿದೆ. ಏರಿ, ಕೋಡಿ, ತೂಬು, ಅಚ್ಚುಕಟ್ಟು ಈ ನಾಲ್ಕು ಮಾತುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಟವರಿಗೆ ಯಾವ ಹಳೆಯ ಕೆರೆಯೂ ಅಪರಿಚಿತವಾಗಿ ಉಳಿಯದು.

ಇವುಗಳಲ್ಲಿ ತೂಬು ಮಾತ್ರ ಸ್ವಲ್ಪ ಹೊತ್ತು ನಿಂತು ನೋಡಬೇಕಾದ ವಸ್ತು. ಏರಿಯಿಂದ ಕೆಲವು ಗಜ ಒಳಗೆ, ನೀರಿನಲ್ಲಿ, ಎರಡು ಎತ್ತರದ ಕಲ್ಲುಕಂಬಗಳು ಎದುರುಬದುರಾಗಿ ನಿಂತಿರುತ್ತವೆ. ಅವೆರಡನ್ನೂ ಮೇಲೆ, ನಡುವೆ ಅಡ್ಡ ಚಪ್ಪಡಿಗಳು ಕೂಡಿಸುತ್ತವೆ. ದೂರದಿಂದ ನೋಡಿದವರಿಗೆ ಅದು ಮುಳುಗಿದ ಮಂಟಪದ ಬಾಗಿಲಿನಂತೆ ತೋರುತ್ತದೆ. ಅಡ್ಡ ಚಪ್ಪಡಿಗಳ ನಡುಮಧ್ಯೆ ಕೊರೆದ ತೂತುಗಳ ಮೂಲಕ ಒಂದು ಉದ್ದನೆಯ ಗಳು ಕೆಳಕ್ಕೆ ಇಳಿಯುತ್ತದೆ, ಗಳುವಿನ ತುದಿಯ ಬಿರಡೆಯು ಕೆರೆಯ ತಳದಲ್ಲಿರುವ ಕಲ್ಲಿನ ಕಂಡಿಯನ್ನು ಮುಚ್ಚುತ್ತದೆ. ಗಳುವನ್ನು ಮೇಲಕ್ಕೆತ್ತಿದರೆ ಕಂಡಿ ತೆರೆದು, ನೀರು ಏರಿಯ ಅಡಿಯ ಕಲ್ಲುಗಾಲುವೆಯೊಳಗೆ ನುಗ್ಗಿ, ಹೊರಮೈಯಲ್ಲಿ ಗದ್ದೆಯ ಕಾಲುವೆಯಾಗಿ ಹೊರಬರುತ್ತದೆ. ತೂಬೆತ್ತುವುದು ಎಂಬ ಮಾತು ಹುಟ್ಟಿದ್ದು ಈ ಎತ್ತುವ ಕೆಲಸದಿಂದ. ಯಾವ ದಿನ, ಎಷ್ಟು ಹೊತ್ತು, ಯಾರ ಗದ್ದೆಗೆ ಎಂಬುದನ್ನು ನಡೆಸುತ್ತಿದ್ದವನು ನೀರಗಂಟಿ. ಅವನಿಗೆ ಸುಗ್ಗಿಯಲ್ಲಿ ಕಣದಿಂದಲೇ ಧಾನ್ಯದ ಪಾಲು ಸಲ್ಲುತ್ತಿತ್ತು. ಇಂದು ಅನೇಕ ಕಡೆ ತೂಬಿನ ಕಂಬಗಳು ನಿಂತಿವೆ, ಗಳು ಇಲ್ಲ. ಕಬ್ಬಿಣದ ತಿರುಪಿನ ಬಾಗಿಲು ಬಂದಿದೆ. ಹಳೆಯ ಕಂಬಗಳ ಮೇಲೆ ನೀರುಕಾಗೆಗಳು ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತವೆ. ಪ್ರವಾಸಿಗಳ ಛಾಯಾಚಿತ್ರಗಳಲ್ಲಿ ಹಕ್ಕಿ ಬರುತ್ತದೆ, ಕಂಬವೂ ಬರುತ್ತದೆ. ಕಂಬ ಯಾಕಿದೆಯೆಂಬುದು ಮಾತ್ರ ಬರುವುದಿಲ್ಲ.

ಈ ವಿದ್ಯೆ ಎಷ್ಟು ಹಳೆಯದು ಎಂಬುದಕ್ಕೂ ನಡಿಗೆಯಲ್ಲಿಯೇ ತಲುಪಬಹುದಾದ ಸಾಕ್ಷಿಯೊಂದಿದೆ. ಚಿತ್ರದುರ್ಗದ ಪಶ್ಚಿಮಕ್ಕೆ ಬಂಡೆಬೆಟ್ಟಗಳ ನಡುವೆ ಚಂದ್ರವಳ್ಳಿಯ ಕೆರೆಯಿದೆ. ಅಲ್ಲಿಯ ಭೈರವೇಶ್ವರ ದೇವಾಲಯದ ಬಳಿ ಬಂಡೆಯೊಂದರ ಮೇಲೆ ಕದಂಬ ಮಯೂರಶರ್ಮನ ಮೂರು ಸಾಲಿನ ಚಿಕ್ಕ ಪ್ರಾಕೃತ ಶಾಸನವಿದ್ದು, ಅದನ್ನು 1929ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಶಾಸನದಲ್ಲಿ ಹೆಸರಿಸಿರುವ ರಾಜವಂಶಗಳ ಪಟ್ಟಿಯ ಓದಿನ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆಯಾದರೂ, ಅದು ಮಯೂರಶರ್ಮನು ಮಾಡಿಸಿದ ತಟಾಕವನ್ನು, ಅಂದರೆ ಕೆರೆಯನ್ನು, ಹೇಳುತ್ತದೆಂಬುದು ಒಪ್ಪಿತ ವಿಚಾರ. ಕಾಲ ಕ್ರಿಸ್ತಶಕ ನಾಲ್ಕನೆಯ ಶತಮಾನ. ಕನ್ನಡ ನಾಡಿನ ಮೊದಲ ರಾಜವಂಶವೊಂದರ ಮೂಲಪುರುಷನ ಶಾಸನ ಕೆರೆಯ ಶಾಸನವಾಗಿರುವುದನ್ನು, ಮುಂದೆ ಅದೇ ವಂಶದ ಕಾಕುಸ್ಥವರ್ಮನು ತಾಳಗುಂದದಲ್ಲಿ ಕೆರೆ ಕಟ್ಟಿಸಿದ್ದನ್ನು ಕುಬ್ಜಕವಿಯ ಸ್ತಂಭಶಾಸನ ಹೇಳುವುದನ್ನು, ಒಟ್ಟಿಗೆ ಇಟ್ಟು ನೋಡಬೇಕು. ಗೆಲುವಿಗಿಂತ ಕೆರೆಯನ್ನು ಕಲ್ಲಿನಲ್ಲಿ ಉಳಿಸುವುದು ಆ ಅರಸರಿಗೆ ಮುಖ್ಯವಾಗಿತ್ತು ಎಂದು ಹೇಳಿದರೆ ಅತಿಯಾದೀತು. ಎರಡೂ ಸಮನಾಗಿದ್ದವು ಎನ್ನಲು ಅಡ್ಡಿಯಿಲ್ಲ.

ಕೆರೆಗೆ ಜಾಗ ಆರಿಸುವ ಶಾಸ್ತ್ರವನ್ನು ಅತ್ಯಂತ ವಿವರವಾಗಿ ಹೇಳುವ ಶಾಸನ ಇಂದಿನ ಆಂಧ್ರಪ್ರದೇಶದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿದೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು 1369ರಲ್ಲಿ ಹಾಕಿಸಿದ ಈ ಸಂಸ್ಕೃತ ಶಾಸನವು ಕೆರೆಗೆ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಎಣಿಸುತ್ತದೆ. ಸಾವಿರ ಕೆಲಸಗಾರರು ಮತ್ತು ನೂರು ಬಂಡಿಗಳು ಎರಡು ವರ್ಷ ದುಡಿದ ಲೆಕ್ಕವೂ ಅದರಲ್ಲಿದೆ. ಗಟ್ಟಿ ಮಣ್ಣಿನ ನೆಲ, ಸಿಹಿನೀರಿನ ಹೊಳೆ, ಎರಡು ಬದಿಗೆ ಬೆಟ್ಟ, ಅವುಗಳ ನಡುವೆ ಹೆಚ್ಚು ಉದ್ದವಲ್ಲದ ಕಲ್ಲಿನ ಏರಿ, ಹತ್ತಿರದಲ್ಲಿಯೇ ಕಲ್ಲುಗಣಿ ಇವೆಲ್ಲ ಬೇಕು. ಏರಿಯಿಂದ ನೀರು ಜಿನುಗುವುದು, ಚೌಳು ನೆಲ, ಕೆರೆಯ ನಡುವೆ ಆಮೆಯ ಬೆನ್ನಿನಂತೆ ಎದ್ದ ದಿಬ್ಬ, ನೀರು ಕಡಿಮೆಯಿದ್ದು ಬಯಲು ಹೆಚ್ಚಾಗಿರುವುದು, ಬಯಲು ಕಡಿಮೆಯಿದ್ದು ನೀರು ಹೆಚ್ಚಾಗಿರುವುದು ದೋಷಗಳು. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಕಟ್ಟುವುದೂ ದೋಷಗಳ ಪಟ್ಟಿಯಲ್ಲಿರುವುದನ್ನು ಓದಿದಾಗ, ನೀರಿನ ವ್ಯಾಜ್ಯಗಳ ಈ ಕಾಲದಲ್ಲಿ, ತುಟಿಯಂಚಿನಲ್ಲಿ ನಗೆ ಮೂಡದಿರದು. ಈ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಯಾವುದೇ ಹಳೆಯ ಕೆರೆಯ ಏರಿಯ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರೆ, ಕಟ್ಟಿದವರು ಯಾವ ಗುಣವನ್ನು ಹಿಡಿದರು, ಯಾವ ದೋಷವನ್ನು ಸಹಿಸಿಕೊಂಡರು ಎಂಬುದು ತಕ್ಕಮಟ್ಟಿಗೆ ತಿಳಿಯುತ್ತದೆ.

ಇಷ್ಟು ಪೀಠಿಕೆಯ ಬಳಿಕ ಎರಡನೆಯ ವಿಚಾರಕ್ಕೆ, ಮೈಸೂರಿನ ಕೆರೆಗಳಿಗೆ, ಹೊರಳಬಹುದು. ಕೆರೆಯ ನಡಿಗೆಗೆ ಸಾಹಿತ್ಯದ ಮನ್ನಣೆ ದೊರಕಿಸಿಕೊಟ್ಟ ಊರು ಇದು. ಕುಕ್ಕರಹಳ್ಳಿ ಕೆರೆಯು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ಊರ ಹೊರಗಿನ ಜಮೀನುಗಳಿಗೆ ನೀರುಣಿಸಲೆಂದು ನಿರ್ಮಾಣವಾಯಿತು ಎಂಬುದು ರೂಢಿಯ ಹೇಳಿಕೆ. ದಿವಾನ್ ಪೂರ್ಣಯ್ಯನವರ ಹೆಸರಿನ ನಾಲೆ ಇದಕ್ಕೆ ನೀರು ತರುತ್ತಿತ್ತು. ಊರು ಬೆಳೆದು ಕೆರೆಯನ್ನು ಒಳಗು ಮಾಡಿಕೊಂಡಿತು, ಅಚ್ಚುಕಟ್ಟು ಬಡಾವಣೆಯಾಯಿತು, ಕೆರೆ ಮಾತ್ರ ಉಳಿಯಿತು, ಅದರ ಮಗ್ಗುಲಿಗೆ ವಿಶ್ವವಿದ್ಯಾನಿಲಯ ಬಂತು. ಕುವೆಂಪು ಅವರು 1956ರಿಂದ 1960ರವರೆಗೆ ಕುಲಪತಿಗಳಾಗಿದ್ದಾಗ ರೂಪುಗೊಂಡ ಆವರಣಕ್ಕೆ ಅವರೇ ಇಟ್ಟ ಹೆಸರು ಮಾನಸಗಂಗೋತ್ರಿ. ಅದಕ್ಕೆ ಬಹಳ ಮೊದಲೇ ಅವರ ಸಂಜೆಯ ನಡಿಗೆಗಳಿಗೂ ಕವಿತೆಗಳಿಗೂ ಈ ಕೆರೆ ಒದಗಿತ್ತು. ಇದೇ ದಡದಲ್ಲಿ ನಡೆದಾಡಿದ ಆರ್. ಕೆ. ನಾರಾಯಣ್ ಅವರು ತಮ್ಮ ಆತ್ಮಕಥನದಲ್ಲಿ ಇದನ್ನು ಕುಕ್ಕನಹಳ್ಳಿ ಕೆರೆಯೆಂದು ಕರೆದಿದ್ದಾರೆ. ಹಳಬರ ಬಾಯಲ್ಲಿ ಆ ರೂಪವೂ ಉಂಟು. ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ಇಂಗ್ಲಿಷಿನಲ್ಲಿ ಬರೆದು ಹೆಸರಾದ ಇಬ್ಬರು ಲೇಖಕರು ಒಂದೇ ಕೆರೆಯ ದಡ ಸವೆಸಿದ ಉದಾಹರಣೆ ಬೇರೆ ಊರಿನಲ್ಲಿ ಸಿಗುವುದು ಕಷ್ಟ.

ಈಗ ಕುಕ್ಕರಹಳ್ಳಿಯ ಸುತ್ತ ನಾಲ್ಕೈದು ಕಿಲೋಮೀಟರು ಉದ್ದದ ಮಣ್ಣಿನ ಕಾಲುದಾರಿಯಿದೆ, ಸಾವಧಾನದ ನಡಿಗೆಗೆ ಒಂದು ಗಂಟೆ ಸಾಕು. ಮರಗಳ ನೆರಳು ದಟ್ಟವಾಗಿದೆ. ನೀರಿನ ನಡುವಿನ ನಡುಗಡ್ಡೆಯ ಮರಗಳಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟುತ್ತವೆ. ಹೆಜ್ಜಾರ್ಲೆಯೆಂದರೆ ಕೊಕ್ಕಿನ ಕೆಳಗೆ ಚೀಲವಿರುವ ದೊಡ್ಡ ನೀರುಹಕ್ಕಿ. ಹಾರುವಾಗ ಅದರ ಗಾಂಭೀರ್ಯವನ್ನೂ, ಕೊಂಬೆಯ ಮೇಲೆ ಇಳಿಯುವಾಗ ಅದರ ಪೇಚಾಟವನ್ನೂ ಒಂದೇ ಕಡೆ ನಿಂತು ನೋಡಬಹುದು. ಇಲ್ಲಿ ನಡಿಗೆಯೇ ಸರಿ, ಸೈಕಲ್ಲಿಗೆ ಕೆಲಸವಿಲ್ಲ. ಸೈಕಲ್ ಬೇಕೆನ್ನುವವರಿಗೆ ಮೈಸೂರು ಬೇರೆ ರೀತಿಯಲ್ಲಿ ಅನುಕೂಲದ ಊರು: 2017ರ ಜೂನಿನಲ್ಲಿ 450 ಸೈಕಲ್ಲುಗಳೊಂದಿಗೆ ಆರಂಭವಾದ ಟ್ರಿಣ್ ಟ್ರಿಣ್ ಎಂಬ ಸಾರ್ವಜನಿಕ ಸೈಕಲ್ ಯೋಜನೆಯು, ಒಂದು ನಿಲ್ದಾಣದಲ್ಲಿ ಸೈಕಲ್ ಪಡೆದು ಇನ್ನೊಂದರಲ್ಲಿ ಬಿಡುವ ಪದ್ಧತಿಯನ್ನು ಭಾರತದ ನಗರಗಳಲ್ಲಿ ಮೊದಲೊಮ್ಮೆ ಪರಿಚಯಿಸಿದ ಪ್ರಯೋಗಗಳಲ್ಲಿ ಒಂದು.

ನಗರದ ನೈರುತ್ಯದಲ್ಲಿರುವ ಲಿಂಗಾಂಬುಧಿ ಕೆರೆ ಇನ್ನೂ ಹಳೆಯದು. ಮುಮ್ಮಡಿ ಕೃಷ್ಣರಾಜ ಒಡೆಯರು 1828ರಲ್ಲಿ ತಮ್ಮ ರಾಣಿ ಲಿಂಗಾಜಮ್ಮಣ್ಣಿಯವರ ಹೆಸರಿನಲ್ಲಿ ಇದನ್ನು ಕಟ್ಟಿಸಿದರು. ಅಂಬುಧಿಯೆಂದರೆ ಕಡಲು. ಕೆರೆಗೆ ಕಡಲಿನ ಹೆಸರಿಡುವ ಈ ಅಭ್ಯಾಸ ನಾಡಿನುದ್ದಕ್ಕೂ ಇದೆ. ಸಮುದ್ರ, ಸಾಗರ ಎಂದು ಕೊನೆಗೊಳ್ಳುವ ಊರುಗಳ ಹೆಸರನ್ನು ಹಿಡಿದು ಹೊರಟರೆ ಉಪ್ಪುನೀರಿನಿಂದ ನೂರಾರು ಮೈಲಿ ದೂರದಲ್ಲಿ ಎಷ್ಟೋ ಸಮುದ್ರಗಳು ಸಿಕ್ಕುತ್ತವೆ, ಅವುಗಳಲ್ಲಿ ಕೆಲವು ಬೇಸಿಗೆಯಲ್ಲಿ ದನ ಮೇಯುವ ಬಯಲಾಗಿರುತ್ತವೆ. ಚಾಮುಂಡಿಬೆಟ್ಟದ ಬುಡದ ಕಾರಂಜಿ ಕೆರೆ ಮೃಗಾಲಯದ ಆಡಳಿತಕ್ಕೆ ಸೇರಿ, ಟಿಕೇಟು ಕೊಟ್ಟು ಒಳಹೋಗುವ ಉದ್ಯಾನವಾಗಿದೆ. ಮಕ್ಕಳೊಂದಿಗೆ ಹೋಗುವವರಿಗೆ ಅದು ಚೆನ್ನು.

ಇಲ್ಲಿ ಒಂದು ಅಹಿತಕರ ಪ್ರಶ್ನೆಯನ್ನು ಎತ್ತಲೇಬೇಕಾಗಿದೆ. ನಡಿಗೆಗೆ ಬರುವವರು ಇಷ್ಟಪಡುವುದು ಕೆರೆಯನ್ನು ಸುತ್ತುವ, ಹೊರಟಲ್ಲಿಗೇ ಬಂದು ಸೇರುವ ದಾರಿಯನ್ನು. ಆದರೆ ಕೆರೆಯ ರಚನೆಯಲ್ಲಿ ಸುತ್ತು ಎಂಬುದಿಲ್ಲ. ಅದಕ್ಕೆ ಏರಿ ಇರುವುದು ಒಂದು ಪಕ್ಕದಲ್ಲಿ. ಉಳಿದ ಕಡೆಗಳಲ್ಲಿ ನೆಲ ಸಣ್ಣಗೆ ಇಳಿಯುತ್ತಾ ಹೋಗಿ ಯಾವಾಗ ನೀರಾಯಿತೆಂದು ತಿಳಿಯದಂತೆ ನೀರಿನಲ್ಲಿ ಸೇರುತ್ತದೆ. ಮಳೆಗಾಲದಲ್ಲಿ ಮುಂದಕ್ಕೆ ಬರುವ, ಬೇಸಿಗೆಯಲ್ಲಿ ಹಿಂದಕ್ಕೆ ಸರಿಯುವ ಈ ತೆಳುನೀರಿನ ಅಂಚೇ ಕೆರೆಯಂಗಳ. ಜೊಂಡು ಬೆಳೆಯುವುದು, ಮೀನು ಮರಿ ಮಾಡುವುದು, ಕೊಕ್ಕರೆ ಕಾಲಿಟ್ಟು ನಿಲ್ಲುವುದು ಇಲ್ಲಿಯೇ. ಸುತ್ತಲಿನ ಹೊಲಗಳಿಂದ ಮಳೆನೀರು ಒಳಗೆ ಬರುವುದೂ ಇಲ್ಲಿಂದಲೇ. ನಗರಗಳಲ್ಲಿ ಕೆರೆಯ ಅಭಿವೃದ್ಧಿಯ ಹೆಸರಿನಲ್ಲಿ, ನಡುವಿನ ಹೂಳನ್ನು ತೆಗೆದು ಅಂಚಿಗೆ ಒಟ್ಟಿ, ನಾಲ್ಕೂ ಕಡೆ ಒಂದೇ ಎತ್ತರದ ಒಡ್ಡು ಹಾಕಿ, ಅದರ ಮೇಲೆ ಇಂಟರ್‌ಲಾಕ್ ಕಲ್ಲು ಹಾಸಿ ನಡಿಗೆಯ ಪಥ ಮಾಡುವುದು ಕಳೆದ ಕೆಲವು ದಶಕಗಳಲ್ಲಿ ರೂಢಿಯಾಗಿದೆ. ಇದರಿಂದ ಕೆರೆ ಬೋಗುಣಿಯಾಗುತ್ತದೆ. ಒಳಬರುವ ನೀರಿಗೆ ಪಥವೇ ಅಡ್ಡಿಯಾಗುತ್ತದೆ, ತೆಳುನೀರಿನ ಹಕ್ಕಿಗಳಿಗೆ ನಿಲ್ಲಲು ನೆಲವಿರುವುದಿಲ್ಲ, ಉಳಿಯುವುದು ಆಳದ ನೀರಿನಲ್ಲಿ ಈಜುವ ಕೆಲವು ಜಾತಿ ಮಾತ್ರ. ನಡೆಯುವವರ ಮೇಲಿನ ಪ್ರೀತಿಯಿಂದಲೇ ಕೆರೆಗೆ ಕೇಡಾಗುವ ಈ ಬಗೆಯನ್ನು ನಡೆಯುವವರು ಗಮನಿಸಿದ್ದು ಕಡಿಮೆ. ಕುಕ್ಕರಹಳ್ಳಿಯ ದಾರಿಯೂ ಒಂದು ಸುತ್ತೇ ಅಲ್ಲವೇ ಎಂದು ಕೇಳಬಹುದು; ಹೌದು, ಆದರೆ ಅದರ ಬಹುಭಾಗ ನೆಲದ ಮಟ್ಟದಲ್ಲಿಯೇ, ಮರಗಳ ನಡುವೆ, ಮಣ್ಣಿನ ಮೇಲೆ ಸಾಗುತ್ತದೆ. ಅದನ್ನು ಹಾಗೆಯೇ ಬಿಡುವುದು ಅದಕ್ಕೆ ಮಾಡಬಹುದಾದ ದೊಡ್ಡ ಸೇವೆ.

ಸುತ್ತನ್ನು ಬಿಟ್ಟರೆ ನಡಿಗೆಗೆ ಬೇರೆ ಯಾವ ಕ್ರಮವಿದೆ? ನೀರಿನ ದಾರಿ ಹಿಡಿಯುವ ಕ್ರಮವಿದೆ. ಅಂದರೆ ಏರಿಯ ಕೆಳಗಿನ ಗದ್ದೆಯ ಬದುವಿನಿಂದ ಹೊರಟು, ತೂಬಿನ ಕಾಲುವೆಯ ಜಾಡು ಹಿಡಿದು ಏರಿಯನ್ನು ಹತ್ತಿ, ಏರಿಯ ಉದ್ದಕ್ಕೂ ನಡೆದು ಕೋಡಿಯಲ್ಲಿ ಇಳಿಯುವುದು. ಸಾಮಾನ್ಯವಾಗಿ ಏರಿಯ ನಡುವೆ ಅಥವಾ ತುದಿಯಲ್ಲಿ ಗಂಗಮ್ಮನದೋ ಮಾರಮ್ಮನದೋ ಚಿಕ್ಕ ಗುಡಿ ಇರುತ್ತದೆ. ಕೆರೆಗೆ ಹಾರವಾದ, ಅಂದರೆ ಬಲಿಯಾದ, ಸೊಸೆಯ ಕತೆಯನ್ನು ಭಾಗೀರಥಿಯ ಜನಪದ ಗೀತೆಯಿಂದ ಬಲ್ಲವರಿಗೆ ಈ ಗುಡಿಗಳು ಬರಿಯ ಗುಡಿಗಳಾಗಿ ಕಾಣುವುದಿಲ್ಲ. ಸೋಮವಾರಪೇಟೆ ಸಮೀಪದ ದೊಡ್ಡಮಳ್ತೆಯ ಹೊನ್ನಮ್ಮನ ಕೆರೆಯಲ್ಲಿ ಇಂಥದೇ ಕತೆಗೆ ಇಂದಿಗೂ ಪೂಜೆ ಸಲ್ಲುತ್ತದೆ. ಏರಿ ನಿಲ್ಲಲಿಲ್ಲವೆಂಬ ಭಯ, ನೀರು ಬರಲಿಲ್ಲವೆಂಬ ಹಸಿವು, ಅದರ ಬೆಲೆ ತೆರಬೇಕಾದವಳು ಹೆಣ್ಣೆಂಬ ತೀರ್ಮಾನ, ಇವೆಲ್ಲವೂ ಆ ಸೊಗಸಾದ ದಡಗಳ ಕೆಳಗೆ ಹೂತಿವೆ.

ಮೂರನೆಯ ವಿಚಾರ ಸೈಕಲ್ಲಿನದು. ಕಾಲ್ನಡಿಗೆ ಒಂದು ಕೆರೆಯನ್ನು ತಿಳಿಸಿದರೆ ಸೈಕಲ್ಲು ಒಂದು ಕೆರೆಗೂ ಇನ್ನೊಂದಕ್ಕೂ ಇರುವ ನಂಟನ್ನು ತಿಳಿಸುತ್ತದೆ. ಬಯಲುಸೀಮೆಯ ಕೆರೆಗಳು ಒಂಟಿಯಾಗಿಲ್ಲ. ಮೇಲಿನ ಕೆರೆಯ ಕೋಡಿಯ ನೀರು ಹಳ್ಳವಾಗಿ ಹರಿದು ಕೆಳಗಿನ ಕೆರೆಗೆ ಸೇರುತ್ತದೆ, ಅದರ ಕೋಡಿ ಮತ್ತೊಂದಕ್ಕೆ. ಹೀಗೆ ಸರಪಣಿಯಾಗಿ ಹೆಣೆದ ವ್ಯವಸ್ಥೆಗೆ ಕೆರೆಗಳ ಸರಣಿ ಎನ್ನುತ್ತಾರೆ. ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿ 1866ರಲ್ಲಿ, ಈ ಸೀಮೆಯಲ್ಲಿ ಹೊಸದಾಗಿ ಕೆರೆ ಕಟ್ಟಲು ಜಾಗ ಹುಡುಕುವುದಕ್ಕೇ ಜಾಣತನ ಬೇಕೆಂಬರ್ಥದ ಮಾತು ಬರೆದದ್ದು ಈ ಹೆಣಿಗೆಯನ್ನು ಕಂಡೇ. ಅವನ ಹೆಸರಿನ ಕೆರೆ ಬೆಂಗಳೂರಿನಲ್ಲಿ 1882ರಲ್ಲಿ ಎದ್ದಿತೆಂಬುದು ಬೇರೆ ಮಾತು.

ಬೆಂಗಳೂರಿನಲ್ಲಿ ಸರಣಿಯನ್ನು ಸೈಕಲ್ಲಿನಲ್ಲಿ ಹಿಂಬಾಲಿಸುವುದು ಶಿಕ್ಷಣವೂ ಹೌದು, ಶಿಕ್ಷೆಯೂ ಹೌದು. ಮಡಿವಾಳ ಕೆರೆಯಿಂದ ಅಗರ ಕೆರೆ, ಅಲ್ಲಿಂದ ಬೆಳ್ಳಂದೂರು, ಅಲ್ಲಿಂದ ವರ್ತೂರು, ಕೊನೆಗೆ ದಕ್ಷಿಣ ಪಿನಾಕಿನಿ, ಇದು ನೀರಿನ ದಾರಿ. ನಡುವೆ ರಾಜಕಾಲುವೆ, ಅಂದರೆ ಕೆರೆಯಿಂದ ಕೆರೆಗೆ ನೀರು ಒಯ್ಯುವ ಮುಖ್ಯ ಕಾಲುವೆ, ಎಲ್ಲಿ ಕಾಣೆಯಾಯಿತು, ಎಲ್ಲಿ ಮತ್ತೆ ತಲೆಯೆತ್ತಿತು ಎಂದು ಹುಡುಕುತ್ತ ಹೋಗಬೇಕು. ಬೆಳ್ಳಂದೂರಿನ ನೊರೆ ಮತ್ತು ಬೆಂಕಿಯ ಚಿತ್ರಗಳು ಕಳೆದ ದಶಕದಲ್ಲಿ ಲೋಕವನ್ನೆಲ್ಲ ಸುತ್ತಿ ಬಂದಿವೆ. ಉತ್ತರದ ಜಕ್ಕೂರು ಕೆರೆ ಇದಕ್ಕೆ ಸಮಾಧಾನ ಹೇಳುವಂತಿದೆ. ಅಲ್ಲಿ ದಿನಕ್ಕೆ 1 ಕೋಟಿ ಲೀಟರು ಸಾಮರ್ಥ್ಯದೊಂದಿಗೆ ಆರಂಭವಾದ ಶುದ್ಧೀಕರಣ ಘಟಕದ ನೀರು ನೇರವಾಗಿ ಕೆರೆಗೆ ಬೀಳದೆ, ಮೊದಲು ಜೊಂಡು, ಆಪುಹುಲ್ಲು ಬೆಳೆಸಿದ ಜೌಗಿನ ಮೂಲಕ ನಿಧಾನವಾಗಿ ಹಾದು ಬರುತ್ತದೆ. ಗಿಡಗಳ ಬೇರು ಮತ್ತು ಅವುಗಳನ್ನು ಆಶ್ರಯಿಸಿದ ಸೂಕ್ಷ್ಮಜೀವಿಗಳು ನೀರಿನಲ್ಲುಳಿದ ಸಾರಜನಕ, ರಂಜಕಗಳನ್ನು ಹೀರಿಕೊಳ್ಳುವುದರಿಂದ ಪಾಚಿಗೆ ಮೇವು ಕಡಿಮೆಯಾಗುತ್ತದೆ. ಜಕ್ಕೂರಿನಿಂದ ಹೊರಬಿದ್ದ ನೀರು ಕೆಳಗಿನ ರಾಚೇನಹಳ್ಳಿ ಕೆರೆಗೆ ಹೋಗುತ್ತದೆ. ಎರಡರ ನಡುವಿನ ದೂರ ಸೈಕಲ್ಲಿಗೆ ಕೆಲವೇ ನಿಮಿಷಗಳದ್ದು.

ನಗರದಿಂದ ಆಚೆ, ಪಾಂಡವಪುರದಿಂದ ಕಬ್ಬಿನ ಗದ್ದೆಗಳ ನಡುವೆ ಹತ್ತು ಕಿಲೋಮೀಟರಿನಷ್ಟು ಸಾಗಿದರೆ ತೊಣ್ಣೂರು ಕೆರೆ. ಸೈಕಲ್ ಸವಾರರಿಗೆ ಇದಕ್ಕಿಂತ ಹದವಾದ ಹಾದಿ ಆ ಸೀಮೆಯಲ್ಲಿ ಅಪರೂಪ. ತೊಂಡನೂರು, ಅಂದರೆ ಇಂದಿನ ತೊಣ್ಣೂರು, ಹೊಯ್ಸಳ ವಿಷ್ಣುವರ್ಧನನ ಮತ್ತು ರಾಮಾನುಜಾಚಾರ್ಯರ ಹೆಸರುಗಳೊಂದಿಗೆ ಬೆಸೆದ ಊರು. ನಂಬಿನಾರಾಯಣನ ದೇವಾಲಯ ಅಲ್ಲಿದೆ. ಕೆರೆಗೆ ತಿರುಮಲಸಾಗರ ಎಂಬ ಹೆಸರನ್ನು ಆಚಾರ್ಯರೇ ಇಟ್ಟರೆಂಬುದು ಪರಂಪರೆಯ ನಂಬಿಕೆ. ಮುಂದೆ 1746ರಲ್ಲಿ ದಖನ್ನಿನ ಸುಬೇದಾರನ ಮಗ ನಾಸಿರ್ ಜಂಗ್ ಇಲ್ಲಿಗೆ ಬಂದಾಗ ನೀರಿನ ತಿಳಿಯನ್ನು ಕಂಡು ಮೋತಿ ತಾಲಾಬ್, ಅಂದರೆ ಮುತ್ತಿನ ಕೆರೆ, ಎಂದು ಕರೆದನೆಂದು ಗೆಜೆಟಿಯರ್ ಹೇಳುತ್ತದೆ. ಹೀಗೆ ಒಂದೇ ನೀರಿಗೆ ಒಂದು ವೈಷ್ಣವ ಹೆಸರು, ಒಂದು ಹಿಂದೂಸ್ತಾನಿ ಹೆಸರು. ಊರವರಿಗೆ ಅದು ಎಂದಿಗೂ ತೊಣ್ಣೂರು ಕೆರೆ. ಎರಡು ಬಂಡೆಗುಡ್ಡಗಳ ಕಿರಿದಾದ ಸಂದಿಗೆ ಹಾಕಿದ ಏರಿ ಉದ್ದದಲ್ಲಿ ಗಿಡ್ಡ, ಎತ್ತರದಲ್ಲಿ ಮತ್ತು ದಪ್ಪದಲ್ಲಿ ಭಾರಿ. ಪೋರುಮಾಮಿಳ್ಳದ ಪಟ್ಟಿಯಲ್ಲಿ ಹೇಳಿದ ಎರಡು ಬೆಟ್ಟ, ಉದ್ದವಲ್ಲದ ಏರಿ, ಆಳವಾದ ಒಡಲು ಇವು ಮೂರೂ ಇಲ್ಲಿ ಒಟ್ಟಿಗೆ ಸಿಗುತ್ತವೆ. ಬಂಡೆಯ ತಳವಾದ್ದರಿಂದ ನೀರು ಕೆಸರೇಳದೆ ನೀಲಿಯಾಗಿ ಕಾಣುತ್ತದೆ. ದಡ ತಟ್ಟನೆ ಆಳಕ್ಕಿಳಿಯುವುದರಿಂದ ಈಜು ಬಾರದವರು ನೀರಿಗಿಳಿಯುವುದು ಸಲ್ಲದು.

ಇದೇ ತತ್ವವನ್ನು ದೈತ್ಯಾಕಾರದಲ್ಲಿ ಕಾಣಬೇಕಿದ್ದರೆ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ, ಅಂದರೆ ಶಾಂತಿಸಾಗರಕ್ಕೆ, ಹೋಗಬೇಕು. ಹರಿದ್ರಾ ಎಂಬ ಹೊಳೆ ಗುಡ್ಡಗಳ ನಡುವಿನಿಂದ ನುಸುಳಿ ತುಂಗಭದ್ರೆಯ ಕಡೆಗೆ ಹೊರಡುವ ಕಣಿವೆಗೆ ಸಾವಿರ ಅಡಿಗೂ ಕಡಿಮೆ ಉದ್ದದ ಏರಿಯೊಂದನ್ನು ಹಾಕಲಾಗಿದೆ. ಅದು ನಿಲ್ಲಿಸಿರುವ ನೀರಿನ ಹರವು ಸುಮಾರು 2,700 ಹೆಕ್ಟೇರು. ಏರಿಯನ್ನು ಈ ತುದಿಯಿಂದ ಆ ತುದಿಗೆ ನಡೆಯಲು ಐದು ನಿಮಿಷ ಬೇಕಿಲ್ಲ; ಕೆರೆಯ ಅಂಚನ್ನು ಹಳ್ಳಿಯಿಂದ ಹಳ್ಳಿಗೆ ಸೈಕಲ್ಲಿನಲ್ಲಿ ಹಿಡಿದು ಹೊರಟರೆ ಇಡೀ ದಿನ ಕೈಯಲ್ಲಿಟ್ಟುಕೊಂಡಿರುವುದು ಕ್ಷೇಮ. ಸಿದ್ಧನ ತೂಬು, ಬಸವನ ತೂಬು ಎಂದು ಅದರ ಎರಡು ತೂಬುಗಳಿಗೂ ಹೆಸರಿದೆ. ರಾಜಕುಮಾರಿ ಶಾಂತವ್ವ ಕೆರೆ ಕಟ್ಟಿಸಲು ಹೊರಟಾಗ ಆ ನೆಲದಲ್ಲಿ ನೆಲಸಿದ್ದ ಸೂಳೆಯರು, ಕೆರೆಗೆ ತಮ್ಮ ಹೆಸರು ಉಳಿಯಬೇಕೆಂಬ ಷರತ್ತಿನ ಮೇಲೆ ಜಾಗ ಬಿಟ್ಟುಕೊಟ್ಟರೆಂಬುದು ಐತಿಹ್ಯ. ಸಭ್ಯ ಸಮಾಜ ಕೆರೆಗೆ ಶಾಂತಿಸಾಗರವೆಂದು ಹೆಸರು ಬದಲಿಸಿಕೊಂಡಿದೆ. ಬಸ್ಸಿನಲ್ಲಿ ಟಿಕೇಟು ಕೇಳುವವರು ಈಗಲೂ ಸೂಳೆಕೆರೆಯೆಂದೇ ಕೇಳುತ್ತಾರೆ. ಮಾತು ಕೊಟ್ಟವರ ಪೈಕಿ ಮಾತು ಉಳಿಸಿಕೊಂಡವರು ಇವರೇ. ಚಿತ್ರದುರ್ಗದಂಥ ದೂರದ ಊರಿಗೂ ಕುಡಿಯುವ ನೀರು ಇದೇ ಕೆರೆಯಿಂದ ಹೋಗಿದೆ.

ಕೊನೆಯದಾಗಿ ಕಾಲದ ವಿಚಾರ. ದಕ್ಷಿಣ ಕರ್ನಾಟಕದ ಕೆರೆಗಳು ಬಹುಮಟ್ಟಿಗೆ ತುಂಬುವುದು ಮುಂಗಾರಿನ ಮೊದಲ ಮಳೆಗಲ್ಲ, ಸೆಪ್ಟೆಂಬರ್, ಅಕ್ಟೋಬರಿನ ಜಡಿಮಳೆಗೆ. ಆದ್ದರಿಂದ ನವೆಂಬರಿನಿಂದ ಫೆಬ್ರವರಿಯವರೆಗಿನ ನಾಲ್ಕು ತಿಂಗಳು ನಡಿಗೆಗೂ ಸೈಕಲ್ಲಿಗೂ ಒಳ್ಳೆಯ ಕಾಲ. ಏರಿಯ ಮಣ್ಣು ಆಗ ಗಟ್ಟಿಯಾಗಿರುತ್ತದೆ, ಅಚ್ಚುಕಟ್ಟಿನಲ್ಲಿ ಪೈರು ನಿಂತಿರುತ್ತದೆ. ಬೇಸಿಗೆಯಲ್ಲಿ ಹೋಗಬಾರದೆಂದೇನೂ ಇಲ್ಲ. ನೀರು ಇಳಿದಾಗ ಏರಿಯ ಒಳಮೈಯ ಕಲ್ಲುಕಟ್ಟಣೆ, ತೂಬಿನ ಬುಡ, ರೈತರು ಹೊಲಕ್ಕೆಂದು ಗೋಡು ತೆಗೆದ ಗುಂಡಿಗಳು ಆಗ ಮಾತ್ರ ಕಾಣುತ್ತವೆ. ಕೆರೆಯನ್ನು ಕಟ್ಟಡವಾಗಿ ಓದಬೇಕೆನ್ನುವವರಿಗೆ ಏಪ್ರಿಲ್ ತಿಂಗಳೇ ಪಠ್ಯ.

ಹಕ್ಕಿಗಳಿಗಾಗಿ ಹೋಗುವವರಿಗೆ ಮಾತ್ರ ಚಳಿಗಾಲ ಕಡ್ಡಾಯ. ಜೌಗುನೆಲಗಳ ರಕ್ಷಣೆಗಾಗಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ 1971ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ 2024ರಲ್ಲಿ ಕರ್ನಾಟಕದ ಎರಡು ಕೆರೆಗಳು, ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರ, ಸೇರಿದವು. ಎರಡೂ ನೀರಾವರಿಗೆಂದು ಕಟ್ಟಿದ ಕೆರೆಗಳೇ. ಮಾಗಡಿಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ಮೈಸೂರಿನ ಸಮೀಪ, ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೂ ಬರುತ್ತವೆ. ಬಿಳಿ ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆಗಳಿರುವ ಈ ಬಾತುಗಳು ಮಂಗೋಲಿಯ, ಟಿಬೆಟ್ಟಿನ ಕಡೆಯಿಂದ ಹಿಮಾಲಯವನ್ನು ದಾಟಿ ಬರುವಂಥವು. ಹಗಲಲ್ಲಿ ಅವು ಕೆರೆಯ ನಡುನೀರಿನಲ್ಲೋ ಬರಿದಾದ ದಡದಲ್ಲೋ ಗುಂಪಾಗಿ ಕುಳಿತು ದಣಿವಾರಿಸಿಕೊಳ್ಳುತ್ತವೆ, ಹೊತ್ತು ಮುಳುಗುತ್ತಿದ್ದಂತೆ ಸುತ್ತಲಿನ ಹೊಲಗಳಿಗೆ ಮೇವಿಗೆ ಹೊರಡುತ್ತವೆ. ಹಾಗಾಗಿ ಮಧ್ಯಾಹ್ನ ಮೈಸೂರು ಬಿಟ್ಟ ಸೈಕಲ್ ಸವಾರರು ಇಳಿಹೊತ್ತಿಗೆ ಹದಿನಾರು ಸೇರಿ, ಸೈಕಲ್ಲನ್ನು ಏರಿಯ ಹೊರಮೈಗೆ ಒರಗಿಸಿ, ದಡಕ್ಕೆ ಇಳಿಯದೆ ಏರಿಯ ಮೇಲೆಯೇ ಕುಳಿತುಕೊಳ್ಳುವುದು ಒಳ್ಳೆಯದು. ಮೊದಲು ಒಂದೆರಡು ಬಾತುಗಳು ಕೂಗುತ್ತವೆ. ಗುಂಪಿನಲ್ಲಿ ತಲೆಗಳು ಒಂದೊಂದಾಗಿ ಮೇಲೇಳುತ್ತವೆ. ಆಮೇಲೆ ಇಡೀ ಗುಂಪು ನೀರನ್ನು ತಟ್ಟಿ ಎದ್ದು, ಏರಿಯ ಮೇಲೆ ಕುಳಿತವರ ತಲೆಯ ಮೇಲಿನಿಂದಲೇ ಅಚ್ಚುಕಟ್ಟಿನ ಕಡೆಗೆ ದಾಟಿಹೋಗುತ್ತದೆ. ವಾಪಸು ಹೊರಡುವವರು ಅಷ್ಟರಲ್ಲಿ ಸೈಕಲ್ಲಿನ ದೀಪ ಸರಿಯಿದೆಯೇ ನೋಡಿಕೊಂಡಿರಬೇಕು.